ಉಷ್ಣಮಾಪಕಕ್ಕೆ ಪಾಟೀಸವಾಲು

ಗಿಡದಿಂದ ಕೊಯ್ದ ಚಹಾ ಎಲೆಯಲ್ಲಿ ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತು ಪಾಲು ನೀರೇ ಇರುತ್ತದೆ. ಬಾಡಿಸಿ, ಹೊಸೆದು, ಹರವಿ ಹುದುಗು ಬರಿಸಿದ ಮೇಲೂ ಎಲೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿರುತ್ತದೆ. ಅದನ್ನು ನೂರಕ್ಕೆ ಮೂರರ ಮಟ್ಟಕ್ಕೆ ಇಳಿಸುವುದು ಒಣಗಿಸುವ ಯಂತ್ರದ ಕೆಲಸ. ಈ ಕೊನೆಯ ಹಂತ ಮುಗಿಯಲು ಅರ್ಧ ಗಂಟೆ ಸಾಕು. ಆದರೆ ಗಿಡ ಬೆಳೆಸಿದ ವರ್ಷಗಳು, ಕೊಯ್ದ ಬೆರಳುಗಳು, ಬಾಡಿಸಲು ಕಾದ ರಾತ್ರಿ ಎಲ್ಲವೂ ಆ ಅರ್ಧ ಗಂಟೆಯಲ್ಲಿ ಕೈಗೂಡುತ್ತವೆ, ಇಲ್ಲವೇ ಕೈತಪ್ಪುತ್ತವೆ. ಶಾಖ ಕಡಿಮೆಯಾದರೆ ಎಲೆಯೊಳಗಿನ ಕಿಣ್ವಗಳು ಬೇಗ ಸಾಯದೆ ಹುದುಗು ಮುಂದುವರಿಯುತ್ತದೆ. ಎಲೆ ಒಣಗುವ ಬದಲು ಬೇಯುತ್ತದೆ, ಚಹಾ ಮಂಕಾಗುತ್ತದೆ, ತೇವ ಉಳಿದು ಕೆಲವೇ ವಾರಗಳಲ್ಲಿ ಮುಗ್ಗುಲು ವಾಸನೆ ಹಿಡಿಯುತ್ತದೆ. ಶಾಖ ವಿಪರೀತವಾದರೆ ಕಾಳಿನ ಹೊರಮೈ ಗಟ್ಟಿಯಾಗಿ ಒಳಗಿನ ನೀರು ಒಳಗೇ ಸೆರೆಯಾಗುತ್ತದೆ. ಆಗಲೂ ಕೆಡುವುದು ಖಂಡಿತ, ಸ್ವಲ್ಪ ತಡವಾಗಿ ಅಷ್ಟೆ. ಸಾಂಪ್ರದಾಯಿಕ ಒಣಯಂತ್ರದಲ್ಲಿ ಒಳಹೋಗುವ ಗಾಳಿ 90ರಿಂದ 100 ಡಿಗ್ರಿ ಸೆಲ್ಸಿಯಸ್, ಹೊರಬರುವ ಗಾಳಿ 50ರಿಂದ 55 ಡಿಗ್ರಿ ಇರಬೇಕೆಂಬುದು ಚಹಾ ತಯಾರಕರು ಪಾಲಿಸಿಕೊಂಡು ಬಂದಿರುವ ಅಳತೆ.

ಈ ಅಳತೆಯನ್ನು ಹೇಳುವುದು ಯಾರು? ಹಿಂದೆ ಅನುಭವಿಯ ಅಂಗೈ ಮತ್ತು ಮೂಗು ಹೇಳುತ್ತಿದ್ದವು. ಅಸ್ಸಾಮಿನ ಕಾಚಾರಿನಲ್ಲಿ ಚಹಾ ತೋಟ ನೋಡಿಕೊಂಡಿದ್ದ ಸ್ಯಾಮ್ಯುಯೆಲ್ ಡೇವಿಡ್‌ಸನ್ ಇದ್ದಿಲ ಕೆಂಡದ ಮೇಲೆ ಎಲೆ ಒಣಗಿಸುವ ಪದ್ಧತಿಗೆ ಬೇಸತ್ತು ಬಿಸಿಗಾಳಿಯ ಯಂತ್ರಗಳನ್ನು ರೂಪಿಸಿ, 1881ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಸಿರೊಕೊ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಅಂಗೈಯ ಜಾಗಕ್ಕೆ ಉಷ್ಣಮಾಪಕ ಬಂದಿತು. ಇಂದು ಆ ಮಾತನ್ನು ಆಡುವುದು ಬೆರಳುದ್ದದ ಒಂದು ಉಕ್ಕಿನ ಕಡ್ಡಿ. ಅದನ್ನು ನಾವೆಲ್ಲ ಸೆನ್ಸರ್ ಎನ್ನುತ್ತೇವೆ. ಅದು ಕಂಡದ್ದನ್ನು ಕಂಟ್ರೋಲರ್ ಎಂಬ ಪುಟ್ಟ ಪೆಟ್ಟಿಗೆ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಹೀಟರನ್ನು ಹಚ್ಚುತ್ತದೆ, ಆರಿಸುತ್ತದೆ.

ನೀಲಗಿರಿಯ ಬಹುಪಾಲು ಸಣ್ಣ ಬೆಳೆಗಾರರು ಹಸಿರೆಲೆಯನ್ನೇ ಮಾರುವವರು. 1965ರಲ್ಲಿ ಸ್ಥಾಪನೆಯಾದ ಇಂಡ್ಕೋಸರ್ವ್ ಒಕ್ಕೂಟದ ಕಟ್ಟಬೆಟ್ಟು, ಎಬ್ಬನಾಡು ಮೊದಲಾದ ಸಹಕಾರಿ ಕಾರ್ಖಾನೆಗಳಿಗೋ ಖಾಸಗಿ ಕಾರ್ಖಾನೆಗಳಿಗೋ ಎಲೆ ಹೋಗುತ್ತದೆ. ಕೂನೂರಿನ ಹರಾಜಿನಲ್ಲಿ ಚಹಾಕ್ಕೆ ದೊರೆತ ಬೆಲೆಯ ನೆರಳು ಎಲೆಯ ಬೆಲೆಯ ಮೇಲೆ ಬೀಳುತ್ತದೆ. ಕಾರ್ಖಾನೆಯಲ್ಲಿ ಸೆನ್ಸರ್ ಕೆಟ್ಟರೆ ನೋಡಿಕೊಳ್ಳಲು ಟೀ ಮೇಕರ್ ಇದ್ದಾರೆ, ಎಲೆಕ್ಟ್ರಿಷಿಯನ್ ಇದ್ದಾರೆ. ಆದರೆ ಎಲೆಯ ಬೆಲೆಯನ್ನೇ ನೆಚ್ಚಿ ಸಾಕಾಗಿ, ಮನೆಯ ಪಕ್ಕದ ಕೋಣೆಯಲ್ಲಿ ಎರಡು ಮೂರು ಕಿಲೋದಂತೆ ಕೈಯಿಂದ ಹೊಸೆದ ಚಹಾ ತಯಾರಿಸಿ ನೇರವಾಗಿ ಮಾರುವ ಕುಟುಂಬಗಳೂ ಅಲ್ಲಲ್ಲಿ ಇವೆ. ಅವರ ಬಳಿ ಇರುವುದು ಬೀರುವಿನಷ್ಟೆತ್ತರದ, ತಟ್ಟೆಗಳನ್ನು ಜೋಡಿಸಿದ, ವಿದ್ಯುತ್ತಿನಿಂದ ನಡೆಯುವ ಒಂದು ಒಣಪೆಟ್ಟಿಗೆ. ಅದರ ಸೆನ್ಸರ್ ತಪ್ಪು ಹೇಳತೊಡಗಿದರೆ ಪ್ರಶ್ನಿಸುವವರು ಯಾರೂ ಇಲ್ಲ. ಈ ಬರಹ ಅಂಥವರಿಗಾಗಿ.

ಚಹಾ ಇಲ್ಲದವರಿಗೂ ಇದು ಹೊರಗಿನ ಮಾತಲ್ಲ. ಗೂಡಲೂರು, ಪಂದಲೂರು, ಕಾಸರಗೋಡು, ಸುಳ್ಯದ ಕಡೆ ರಬ್ಬರ್ ಹಾಳೆಗಳನ್ನು ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಮಲೆನಾಡು, ಕೊಡಗಿನ ಅಡಿಗೆಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ತಾಗಿಸಿ ಪದಾರ್ಥ ಕಾಪಾಡುವ ರೂಢಿ ಹಳೆಯದು. ವಿದೇಶದಲ್ಲಿ ನೆಲೆಸಿದ ನಮ್ಮವರು ಮೀನು ಮಾಂಸವನ್ನು ಹೊಗೆಯಲ್ಲಿ ಬೇಯಿಸಲು ವಿದ್ಯುತ್ ಹೊಗೆಪೆಟ್ಟಿಗೆ ಕೊಳ್ಳುತ್ತಾರೆ. ಅಲ್ಲಿ ಸೆನ್ಸರ್ ಮೋಸಮಾಡಿದರೆ ಕೆಡುವುದು ರುಚಿಯಷ್ಟೇ ಅಲ್ಲ. 5ರಿಂದ 60 ಡಿಗ್ರಿಯ ನಡುವೆ ಗಂಟೆಗಟ್ಟಲೆ ಉಳಿದ ಮಾಂಸದಲ್ಲಿ ರೋಗಾಣುಗಳು ಬೆಳೆಯುತ್ತವೆ, ಮನೆಮಂದಿ ಆಸ್ಪತ್ರೆ ಸೇರಬೇಕಾಗುತ್ತದೆ. ಪೆಟ್ಟಿಗೆ ಯಾವುದಾದರೂ ಸೆನ್ಸರಿನ ಜಾತಿ ಒಂದೇ, ಅದನ್ನು ಪರೀಕ್ಷಿಸುವ ರೀತಿಯೂ ಒಂದೇ.

ಈ ವಿಷಯ ನನ್ನ ಮೇಜಿಗೆ ಬಂದುದು ವಿಜ್ಞಾನವಾಗಿ ಅಲ್ಲ, ವ್ಯಾಜ್ಯವಾಗಿ. ತುಮ್ಮನಟ್ಟಿಯ ಕಡೆಯ ಒಬ್ಬ ಹಿರಿಯಕ್ಕ ತಮ್ಮ ಒಣಪೆಟ್ಟಿಗೆಯ ತಯಾರಕರಿಗೆ ನೋಟಿಸು ಬರೆಸಲು ಬಂದಿದ್ದರು. ಪೆಟ್ಟಿಗೆ 95 ಡಿಗ್ರಿ ತೋರಿಸುತ್ತಿದ್ದರೂ ಎಲೆ ಒಣಗಲು ಮೊದಲಿಗಿಂತ ಬಹಳ ಹೊತ್ತು ಹಿಡಿಯುತ್ತಿತ್ತು. ಹೊರಗಿನ ಊರೊಂದಕ್ಕೆ ಕಳುಹಿಸಿದ್ದ 11 ಕಿಲೋ ಚಹಾ ಮುಗ್ಗುಲು ವಾಸನೆಯ ದೂರಿನೊಡನೆ ಹಿಂದಿರುಗಿತ್ತು. ಆಗ ಅಕ್ಕ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ್ದರು: ಸೆನ್ಸರಿನ ಕಡ್ಡಿಯನ್ನು ಕುದಿಯುವ ನೀರಿಗೆ ಅದ್ದಿ ನೋಡಿದ್ದರು. ಅಂಕಿ 93ಕ್ಕೆ ನಿಂತಿತು, ಮೇಲೇರಲಿಲ್ಲ.

“ನೂರು ಇರಬೇಕಾದಲ್ಲಿ ತೊಂಬತ್ತಮೂರು. ಏಳು ಡಿಗ್ರಿ ಸುಳ್ಳು ಹೇಳ್ತದೆ ತಮ್ಮಾ. ಇದಕ್ಕಿಂತ ಸಾಕ್ಷಿ ಬೇಕಾ?” ಎಂದರು.

ತಯಾರಕರು ಫೋನಿನಲ್ಲಿ ಕೊಟ್ಟ ಉತ್ತರ ಇನ್ನೂ ವಿಚಿತ್ರವಾಗಿತ್ತು: ಸೆನ್ಸರ್ ಚೆನ್ನಾಗಿಯೇ ಇತ್ತು, ನೀವು ನೀರಿಗೆ ಅದ್ದಿ ಕೆಡಿಸಿದ್ದೀರಿ, ಆದ್ದರಿಂದ ವಾರಂಟಿ ಇಲ್ಲ.

ಏಳು ಡಿಗ್ರಿಯ ಆಧಾರದ ಮೇಲೆ ನೋಟಿಸು ಬರೆದಿದ್ದರೆ ಅದು ಒಂದೇ ಪ್ರಶ್ನೆಗೆ ಉರುಳುತ್ತಿತ್ತು. ಎದುರಿನ ವಕೀಲರು ಕೇಳಬೇಕಾದದ್ದು ಇಷ್ಟೇ: ‘ತಮ್ಮ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ?’

ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ ಮಾತ್ರ. ಮೇಲೇರಿದಂತೆ ಗಾಳಿ ವಿರಳವಾಗುತ್ತದೆ, ನೀರಿನ ಮೇಲಿನ ಒತ್ತಡ ಇಳಿಯುತ್ತದೆ, ನೀರು ಕಡಿಮೆ ಶಾಖದಲ್ಲೇ ಆವಿಯಾಗಿ ಏಳುತ್ತದೆ. ಸ್ಥೂಲವಾಗಿ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆಂದು ಲೆಕ್ಕ. ಮೇಟುಪಾಳಯದಲ್ಲಿ ಸುಮಾರು 99 ಡಿಗ್ರಿಗೆ ಕುದಿಯುವ ನೀರು, 1,850 ಮೀಟರಿನ ಕೂನೂರಿನಲ್ಲಿ 94ಕ್ಕಿಂತ ಸ್ವಲ್ಪ ಕೆಳಗೆ, 2,240 ಮೀಟರಿನ ಉದಕಮಂಡಲದಲ್ಲಿ 92.5ರ ಹತ್ತಿರ, 2,637 ಮೀಟರಿನ ದೊಡ್ಡಬೆಟ್ಟದ ನೆತ್ತಿಯಲ್ಲಿ 91ರ ಚಿಲ್ಲರೆಯಲ್ಲಿ ಕುದಿಯುತ್ತದೆ. ಎರಡು ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಹಟ್ಟಿಯಲ್ಲಿ 93 ಎಂಬುದು ಸರಿಯಾದ ಉತ್ತರ. ಅಕ್ಕನ ಸೆನ್ಸರ್ ನಿಜ ನುಡಿದಿತ್ತು.

ಈ ಸಂಗತಿ ಹೊಸದೇನಲ್ಲ. 1742ರಲ್ಲಿ ತನ್ನ ಉಷ್ಣಮಾನವನ್ನು ಪ್ರಕಟಿಸಿದ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ಕುದಿಯುವ ಬಿಂದು ಗಾಳಿಯ ಒತ್ತಡಕ್ಕೆ ತಕ್ಕಂತೆ ಬದಲಾಗುವುದನ್ನೂ, ಹಿಮ ಕರಗುವ ಬಿಂದು ಹಾಗೆ ಬದಲಾಗದಿರುವುದನ್ನೂ ಗುರುತಿಸಿದ್ದ. (ಆತನ ಮೂಲ ಮಾನದಲ್ಲಿ ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು ಆಗಿತ್ತು, ತಲೆಕೆಳಗು ಮಾಡಿದವರು ಅನಂತರದವರು.) ಹತ್ತೊಂಬತ್ತನೆಯ ಶತಮಾನದ ಅನ್ವೇಷಕರು ಬೆಟ್ಟದ ಮೇಲೆ ನೀರು ಕುದಿಸಿ, ಉಷ್ಣಮಾಪಕ ನೋಡಿ, ಬೆಟ್ಟದ ಎತ್ತರವನ್ನೇ ಲೆಕ್ಕಹಾಕುತ್ತಿದ್ದರು, ಸಿಕ್ಕಿಮಿನ ಹಿಮಾಲಯದಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಹೀಗೆ ಮಾಡಿದ್ದುಂಟು. ನಮ್ಮ ಅಡಿಗೆಮನೆಗಳಿಗೂ ಇದು ಗೊತ್ತು. ಬಯಲಿನಿಂದ ಬಂದ ನೆಂಟರು ಕುಕ್ಕರ್ ಇಲ್ಲದೆ ಅವರೆ ಬೇಯಿಸಲು ಹೊರಟು ಸೋಲುವುದನ್ನು ನೀಲಗಿರಿಯಲ್ಲಿ ಯಾರು ನೋಡಿಲ್ಲ?

ಇಲ್ಲಿ ಪಾಲಕರಿಗೂ ಶಿಕ್ಷಕರಿಗೂ ಒಂದು ಮಾತು ಹೇಳದಿರಲಾರೆ. ಬೆಟ್ಟದ ಮೇಲಿನ ಶಾಲೆಯಲ್ಲಿ ಮಗು ನೀರು ಕುದಿಸಿ 93 ಕಂಡು, ಪುಸ್ತಕದಲ್ಲಿ 100 ಎಂದಿದೆಯೆಂದು ರೆಕಾರ್ಡ್ ಪುಸ್ತಕದಲ್ಲೂ 100 ಎಂದೇ ಬರೆದರೆ, ಅದು ಕಲಿತದ್ದು ವಿಜ್ಞಾನವಲ್ಲ, ಕಂಡದ್ದನ್ನು ಅಡಗಿಸುವುದನ್ನು. ಮಾಧ್ಯಮ ಕನ್ನಡವಾಗಲಿ ತಮಿಳಾಗಲಿ ಇಂಗ್ಲಿಷಾಗಲಿ, 93 ಎಂದು ಬರೆದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು, ‘ಏಕೆ?’ ಎಂದು ಕೇಳಿದ ಮಗುವಿಗೆ ಇನ್ನೂ ಒಂದು ಹೆಚ್ಚು.

ಹಾಗಾದರೆ ಸೆನ್ಸರನ್ನು ಪರೀಕ್ಷಿಸುವುದು ಹೇಗೆ? ಮೊದಲು ಪ್ಲಗ್ ಕಿತ್ತು ಪೆಟ್ಟಿಗೆ ತಣಿಯಲು ಬಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ತಂತಿ ಜೋಡಣೆ ಅದಲುಬದಲಾಗಿರುವ ಮನೆಗಳಲ್ಲಿ ಸ್ವಿಚ್ ಆರಿದ್ದರೂ ಹೀಟರಿಗೆ ವಿದ್ಯುತ್ ಹರಿದಿರಬಹುದು. ಬಳಿಕ ಕಣ್ಣಿನ ಪರೀಕ್ಷೆ. ಚಹಾ ಒಣಪೆಟ್ಟಿಗೆಯಲ್ಲಿ ಎಲೆಯ ನವಿರಾದ ಧೂಳು ಕಡ್ಡಿಯ ಮೇಲೆ ಉಣ್ಣೆಯಂತೆ ಕವಿಯುತ್ತದೆ. ಹೊಗೆಪೆಟ್ಟಿಗೆಯಾದರೆ ಜಿಡ್ಡು ಮತ್ತು ಹೊಗೆಯ ಡಾಮರು ಕರಿಗಟ್ಟುತ್ತದೆ. ಎರಡೂ ಕಂಬಳಿಯಂತೆ ವರ್ತಿಸಿ ಶಾಖ ಕಡ್ಡಿಗೆ ತಡವಾಗಿ ಮುಟ್ಟುವಂತೆ ಮಾಡುತ್ತವೆ. ಹೀಟರ್ ಅಗತ್ಯಕ್ಕಿಂತ ಹೆಚ್ಚು ಹೊತ್ತು ಉರಿದು, ಅನಂತರ ಅಗತ್ಯಕ್ಕಿಂತ ಹೆಚ್ಚು ಹೊತ್ತು ಆರಿರುತ್ತದೆ. ಅಂಕಿ ಮೇಲೆ ಕೆಳಗೆ ತೂಗಾಡತೊಡಗಿದರೆ ಮೊದಲು ಸಂಶಯಿಸಬೇಕಾದುದು ಈ ಕೊಳೆಯನ್ನೇ. ಬೆಚ್ಚನೆಯ ನೀರಿನಲ್ಲಿ ಹಿಂಡಿದ ಮೆತ್ತನೆ ಬಟ್ಟೆ ಸಾಕು; ಉಜ್ಜುಕಾಗದ ಬೇಡ.

ಎರಡನೆಯದು ಹಿಮದ ನೀರಿನ ಪರೀಕ್ಷೆ. ಕುದಿಯುವ ನೀರಿಗಿಂತ ಇದನ್ನೇ ನಾನು ಮೇಲೆಂದು ಹೇಳುವೆ. ಏಕೆಂದರೆ ಇದರ ಉತ್ತರ ಮಂಗಳೂರಿನಲ್ಲೂ ತುಮ್ಮನಟ್ಟಿಯಲ್ಲೂ ಒಂದೇ: ಸೊನ್ನೆ. ಮಂಜುಗಡ್ಡೆಯನ್ನು ಪುಡಿಮಾಡಿ ಲೋಟದ ತುಂಬ ಒತ್ತಿ, ಸಂದುಗಳು ತುಂಬುವಷ್ಟೇ ಶುದ್ಧ ನೀರು ಹಾಕಬೇಕು. ಉಪ್ಪು ತಾಕಬಾರದು, ತಾಕಿದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಕಡ್ಡಿಯ ತುದಿ ಲೋಟದ ತಳ ಮುಟ್ಟದಂತೆ ನಡುವೆ ಹಿಡಿದು, ಆಗಾಗ ಕಲಕುತ್ತ ಐದು ನಿಮಿಷ ಕಾಯಬೇಕು. ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಮನೆಬಳಕೆಗೆ ಚಿಂತೆಯಿಲ್ಲ. ನೀರಿಗೆ ಇಳಿಸುವುದು ಮುಚ್ಚಿದ ಉಕ್ಕಿನ ತುದಿಯನ್ನು ಮಾತ್ರ. ತಂತಿ ಒಳಸೇರುವ ಹಿಂಭಾಗ ನೆನೆಯಬಾರದು. ಹಾಗೆ ಮಾಡಿದರೆ ‘ನೀರಿಗೆ ಅದ್ದಿ ಕೆಡಿಸಿದಿರಿ’ ಎಂಬ ಆಕ್ಷೇಪಣೆಗೆ ಅವಕಾಶವೇ ಇರುವುದಿಲ್ಲ. ಕುದಿನೀರಿನ ಪರೀಕ್ಷೆಯಲ್ಲಿಯೂ ತುದಿ ಪಾತ್ರೆಯ ತಳಕ್ಕೆ ತಾಗಬಾರದು. ಊರಿನ ಎತ್ತರಕ್ಕೆ ತಕ್ಕ ಅಂಕಿಯನ್ನೇ ನಿರೀಕ್ಷಿಸಬೇಕು. ಮಕ್ಕಳು ಮಾಡುವುದಾದರೆ ಹಿಮದ ಪರೀಕ್ಷೆ ಅವರ ಕೈಯಲ್ಲಿರಲಿ, ಕುದಿನೀರು ಹಿರಿಯರ ಕೈಯಲ್ಲಿ.

ಈ ಎರಡು ಬಿಂದುಗಳಲ್ಲೂ ಸರಿಯಾಗಿ ನಿಂತ ಸೆನ್ಸರನ್ನು ಬದಲಾಯಿಸಿ ಹಣ ಕಳೆಯಬಾರದು. ತಪ್ಪಿ ನಿಂತರೆ ಮಾತ್ರ ಮಲ್ಟಿಮೀಟರ್ ಬೇಕಾಗುತ್ತದೆ, ಜೊತೆಗೆ ಸೆನ್ಸರಿನ ಜಾತಿಯೂ ತಿಳಿದಿರಬೇಕು. ಪ್ಲಾಟಿನಂ ತಂತಿಯ ‘ಪಿಟಿ ನೂರು’ ಎಂಬ ಜಾತಿ ಸೊನ್ನೆ ಡಿಗ್ರಿಯಲ್ಲಿ 100 ಓಮ್, 20 ಡಿಗ್ರಿಯಲ್ಲಿ 107.8, ನಮ್ಮ ಕುದಿನೀರಿನಲ್ಲಿ ಸುಮಾರು 135.9, ಸಮುದ್ರಮಟ್ಟದ ಕುದಿನೀರಿನಲ್ಲಿ 138.5 ಓಮ್ ತೋರಿಸುತ್ತದೆ. ಥರ್ಮಿಸ್ಟರ್ ಎಂಬುದು ಸ್ವಭಾವದಲ್ಲಿ ಇದಕ್ಕೆ ವಿರುದ್ಧ: ಬಿಸಿಯೇರಿದಂತೆ ಅದರ ತಡೆ ಇಳಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ಬಗೆ 25 ಡಿಗ್ರಿಯಲ್ಲಿ 10,000 ಓಮ್ ಇದ್ದು, ಹಿಮದ ನೀರಿನಲ್ಲಿ ಅದರ ಮೂರು ಪಟ್ಟಿಗೂ ಮಿಕ್ಕಿ ಏರುತ್ತದೆ. ಮೂರನೆಯ ಜಾತಿ ಥರ್ಮೋಕಪಲ್. ಎರಡು ಬೇರೆ ಲೋಹಗಳ ತಂತಿ ಕೂಡಿದಲ್ಲಿ ಶಾಖಕ್ಕೆ ತಕ್ಕಷ್ಟು ಅತಿಸಣ್ಣ ವೋಲ್ಟೇಜ್ ಹುಟ್ಟುವುದನ್ನು 1821ರಲ್ಲಿ ಸೀಬೆಕ್ ಕಂಡುಕೊಂಡ ತತ್ತ್ವದ ಮೇಲೆ ಅದು ನಡೆಯುತ್ತದೆ. ‘ಕೆ’ ಎಂಬ ಬಗೆಯಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅಗ್ಗದ ಮೀಟರಿನ ಕಣ್ಣಿಗೆ ಅದು ಬೀಳುವುದು ಕಷ್ಟ. ಆದರೆ ಒಂದು ಗುರುತು ಸುಲಭ: ಬಿಸಿಮಾಡಿದಂತೆ ಅಂಕಿ ಇಳಿಯತೊಡಗಿದರೆ ಎರಡು ತಂತಿಗಳು ಅದಲುಬದಲಾಗಿವೆ ಎಂದು ಅರ್ಥ.

ನೀಲಗಿರಿಯ ಮಂಜು, ಮಳೆಗಾಲದ ತೇವ ಇವು ತಂತಿಯ ಜೋಡಣೆಗಳಿಗೆ ಶತ್ರು. ಕಿಲುಬು ಹಿಡಿದ ಜೋಡಣೆ ಒಂದೆರಡು ಓಮ್ ತಡೆಯನ್ನು ತಾನಾಗಿ ಸೇರಿಸುತ್ತದೆ. ‘ಪಿಟಿ ನೂರು’ ಸೆನ್ಸರಿಗೆ ಒಂದು ಓಮ್ ಎಂದರೆ ಎರಡೂವರೆ ಡಿಗ್ರಿಗೂ ಹೆಚ್ಚು. ಅಂಕಿ ನಿಜಕ್ಕಿಂತ ಮೇಲೆ ಕಾಣುತ್ತದೆ, ಕಂಟ್ರೋಲರ್ ಹೀಟರನ್ನು ಬೇಗ ಆರಿಸುತ್ತದೆ, ಎಲೆ ಹಸಿಯಾಗಿ ಉಳಿಯುತ್ತದೆ. ಸೆನ್ಸರಿನ ತುದಿ ನಿರಪರಾಧಿ, ತಪ್ಪು ದಾರಿಯಲ್ಲಿ. ಇಲಿ ಕಡಿದ ತಂತಿಗೆ ಅಂಗಡಿಯ ಸಾಮಾನ್ಯ ತಾಮ್ರದ ತಂತಿ ಬೆಸೆದು ಥರ್ಮೋಕಪಲನ್ನು ‘ಸರಿ’ ಮಾಡುವವರೂ ಇದ್ದಾರೆ. ಬೆಸುಗೆ ಬಿಸಿ ಜಾಗದಲ್ಲಿದ್ದರೆ ಅಂದಿನಿಂದ ಅದು ಕಡಿಮೆ ಹೇಳತೊಡಗುತ್ತದೆ. ಅದಕ್ಕೆ ಅದೇ ಜಾತಿಯ ತಂತಿಯೇ ಆಗಬೇಕು.

ಸೆನ್ಸರ್ ಪೂರ್ತಿ ತುಂಡಾದರೆ ಏನಾಗುತ್ತದೆ ಎಂಬುದು ಮನೆಯ ಸುರಕ್ಷತೆಯ ಪ್ರಶ್ನೆ. ಥರ್ಮಿಸ್ಟರಿನ ತಂತಿ ತುಂಡಾದಾಗ ತಡೆ ಅನಂತವಾಗುತ್ತದೆ. ಥರ್ಮಿಸ್ಟರಿನ ಭಾಷೆಯಲ್ಲಿ ಹೆಚ್ಚು ತಡೆ ಎಂದರೆ ಹೆಚ್ಚು ಚಳಿ. ಒಳ್ಳೆಯ ಕಂಟ್ರೋಲರ್ ಇದನ್ನು ಗುರುತಿಸಿ ದೋಷದ ಸಂಕೇತ ತೋರಿಸಿ ಹೀಟರನ್ನು ಆರಿಸುತ್ತದೆ. ಕಳಪೆಯದು ಪೆಟ್ಟಿಗೆ ಹಿಮದಂತಿದೆಯೆಂದು ಭಾವಿಸಿ ಹೀಟರನ್ನು ಹಚ್ಚಿಯೇ ಇಡುತ್ತದೆ. ಅದಕ್ಕಾಗಿಯೇ ಹೀಟರಿನ ಬಳಿ ಪ್ರತ್ಯೇಕವಾಗಿ, ಕಂಟ್ರೋಲರಿನ ಮಾತು ಕೇಳದ, ಮಿತಿಮೀರಿದರೆ ತಾನೇ ಕಡಿದುಕೊಳ್ಳುವ ಒಂದು ಥರ್ಮಲ್ ಕಟ್‌ಔಟ್ ಇರಬೇಕು. ಪೆಟ್ಟಿಗೆ ಕೊಳ್ಳುವಾಗ ಬಣ್ಣ ನೋಡುವ ಮೊದಲು ಅದು ಇದೆಯೇ ಎಂದು ಕೇಳಬೇಕು. ಅದು ಪದೇ ಪದೇ ಕಡಿದುಕೊಳ್ಳುತ್ತದೆಂದು ತಂತಿ ಸುತ್ತಿ ನೇರ ಮಾಡುವ ‘ರಿಪೇರಿ’ ಅಪರಾಧಕ್ಕೆ ಸಮ ಎಂದೇ ನನ್ನ ಅಭಿಪ್ರಾಯ. ಸೆನ್ಸರ್ ಸರಿಯಿದ್ದೂ ಶಾಖ ಏರುತ್ತಲೇ ಹೋದರೆ ರಿಲೇಯ ಸಂಪರ್ಕಗಳು ಬೆಸೆದುಕೊಂಡಿರುವ ಸಾಧ್ಯತೆ ಹೆಚ್ಚು.

ಶಾಖ ಏರದೇ ಇದ್ದರೆ ಸೆನ್ಸರನ್ನು ದೂರುವ ಮೊದಲು ಗೋಡೆಯ ವೋಲ್ಟೇಜ್ ಅಳೆಯಬೇಕು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230 ವೋಲ್ಟಿಗೆ 2,000 ವ್ಯಾಟ್ ಕೊಡುವ ಹೀಟರ್, ಸಂಜೆ ಹಟ್ಟಿಯ ಎಲ್ಲ ದೀಪ ಹೊತ್ತಿ ವೋಲ್ಟೇಜ್ 180ಕ್ಕೆ ಕುಸಿದಾಗ 1,225 ವ್ಯಾಟ್ ಮಾತ್ರ ಕೊಡುತ್ತದೆ. ಮಧ್ಯಾಹ್ನ ಚೆನ್ನಾಗಿ ಒಣಗಿ, ಸಂಜೆ ಮಾತ್ರ ಹಸಿಯಾಗಿ ಉಳಿಯುವ ಚಹಾಕ್ಕೆ ಕಾರಣ ಪೆಟ್ಟಿಗೆಯ ಹೊರಗಿರಬಹುದು.

ಅಕ್ಕನ ಮನೆಯಲ್ಲಿ ಇವೆಲ್ಲವನ್ನೂ ಒಂದೊಂದಾಗಿ ನೋಡಿದ್ದಾಯಿತು. ಐ.ಟಿ.ಐ. ಓದಿದ ಅವರ ಮಗನ ಕೈ ಚುರುಕು. ಬರೆದುಕೊಳ್ಳುವ ಕೆಲಸ ನನ್ನದು. ಹಿಮದ ನೀರಿನಲ್ಲಿ ಅಂಕಿ ಸೊನ್ನೆ. ಕುದಿನೀರಿನಲ್ಲಿ ಮತ್ತೆ 93. ವೋಲ್ಟೇಜ್ 224. ಜೋಡಣೆಗಳು ಸ್ವಚ್ಛ. ಎಂದರೆ ಸಾಕ್ಷಿದಾರ ಸತ್ಯವಂತ, ಆದರೂ ಚಹಾ ಹಸಿ. ಆಗ ಅಡಿಗೆಯ ಡಿಜಿಟಲ್ ಉಷ್ಣಮಾಪಕವೊಂದನ್ನು ತಟ್ಟೆಗಳ ನಡುವೆ ಇಟ್ಟು ನೋಡಿದೆವು. (ಗಾಜಿನ ಪಾದರಸದ ಉಷ್ಣಮಾಪಕವನ್ನು ತಿನ್ನುವ ಪದಾರ್ಥದ ಹತ್ತಿರ ತರಲೇಬಾರದು.) ಪೆಟ್ಟಿಗೆಯ ಮುಖದಲ್ಲಿ 95 ಇದ್ದಾಗ ಮೊದಲ ತಟ್ಟೆಯ ಬಳಿ 81, ನಡುವೆ 78, ಕೊನೆಯಲ್ಲಿ 74.

ಒಳಗಿನ ತಗಡು ಬಿಚ್ಚಿದಾಗ ಕಾರಣ ಕಂಡಿತು. ಸೆನ್ಸರನ್ನು ತಟ್ಟೆಗಳ ಎದುರು ಗಾಳಿಯ ಹಾದಿಯಲ್ಲಿ ಹಿಡಿದಿಡಬೇಕಾದ ಪಟ್ಟಿಗೆ ಇದ್ದುದು ಒಂದೇ ಸ್ಕ್ರೂ. ಫ್ಯಾನಿನ ನಡುಕಕ್ಕೆ ಅದು ಸಡಿಲವಾಗಿ, ಕಡ್ಡಿ ಹಿಂದಕ್ಕೆ ಜಾರಿ ಹೀಟರಿನ ಸುರುಳಿಯ ಮಗ್ಗುಲಲ್ಲಿ ನಿಂತಿತ್ತು. ತಾನು ನಿಂತ ಜಾಗದ ಶಾಖವನ್ನು ಅದು ಪ್ರಾಮಾಣಿಕವಾಗಿ ಹೇಳುತ್ತಿತ್ತು. ಎಲೆ ಇದ್ದ ಜಾಗ ಅದಕ್ಕೆ ಕಾಣುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಇಂಥ ಸಾಕ್ಷಿದಾರರನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಸೂಚಿಸುವುದು ವ್ಯರ್ಥ. ‘ಆ ಹೊತ್ತಿನಲ್ಲಿ ತಾವು ಎಲ್ಲಿ ನಿಂತಿದ್ದಿರಿ?’ ಎಂದು ಕೇಳಬೇಕು. ಕಡ್ಡಿಯನ್ನು ಸ್ವಸ್ಥಾನಕ್ಕೆ ತಂದು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದ ಮೇಲೆ ಮೊದಲ ತಟ್ಟೆಯ ಬಳಿ 94, ಹೊರಬರುವ ಗಾಳಿ 52. ಅಂದಿನ ಎಲೆ ಎಂದಿನ ಹೊತ್ತಿಗೆ ಒಣಗಿತು.

ಈಗ ಕಾನೂನಿನ ಮಾತು. ಯಂತ್ರವನ್ನು ಸಂಪಾದನೆಗಾಗಿ ಕೊಂಡವರು ‘ಗ್ರಾಹಕ’ರೇ ಅಲ್ಲ, ಅವರ ದೂರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ ಎಂಬ ವಾದವನ್ನು ತಯಾರಕರು ಮೊದಲು ಮುಂದಿಡುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೆಯ ಕಲಮು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಡುತ್ತದೆ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿ ಮಾತ್ರ ಕೊಂಡು ತಾವೇ ಬಳಸುವ ವಸ್ತುವನ್ನು ವಾಣಿಜ್ಯ ಉದ್ದೇಶವೆಂದು ಎಣಿಸಬಾರದು ಎಂದು ಅದರ ವಿವರಣೆಯೇ ಹೇಳುತ್ತದೆ. ಹಿಂದಿನ ಕಾಯ್ದೆಯ ಇದೇ ಬಗೆಯ ವಿವರಣೆಯನ್ನು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ವಿರುದ್ಧ ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ನಮ್ಮ ನೆರೆಯ ಕೊಯಮತ್ತೂರಿನ ಸಂಸ್ಥೆಯಿಂದ ಕೊಂಡ ಯಂತ್ರವೊಂದರ ವ್ಯಾಜ್ಯ ಅದು. ಕೊಂಡವರ ಉದ್ಯಮ ದೊಡ್ಡದೆಂದು ಅವರನ್ನು ಗ್ರಾಹಕರೆಂದು ಒಪ್ಪಲಿಲ್ಲ. ಆದರೆ ಅದೇ ತೀರ್ಪು, ತಾನೇ ಓಡಿಸಲು ಆಟೋರಿಕ್ಷಾ ಕೊಂಡವನು, ತಾನೇ ದುಡಿಯಲು ಲೇತ್ ಯಂತ್ರ ಕೊಂಡವನು ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಹಕ್ಕು ಹೋಗದು ಎಂದು ಸ್ಪಷ್ಟಪಡಿಸಿತು. ಮಗನ ನೆರವಿನಿಂದ ದಿನಕ್ಕೆ ಮೂರು ಕಿಲೋ ಚಹಾ ಒಣಗಿಸುವ ತಾಯಿ ಈ ಆಶ್ರಯದೊಳಗೆ ಬರುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನೋಟಿಸು ಹೋಯಿತು. ಆದರೆ ಅಕ್ಕ ಬಯಸಿದ್ದ ನೋಟಿಸು ಅಲ್ಲ. ಸೆನ್ಸರ್ ಏಳು ಡಿಗ್ರಿ ತಪ್ಪುತ್ತದೆ ಎಂಬ ಮಾತು ಅದರಲ್ಲಿ ಇರಲಿಲ್ಲ. ಸೆನ್ಸರಿನ ಆಧಾರಪಟ್ಟಿ ಫ್ಯಾನಿನ ನಡುಕ ತಡೆಯುವಷ್ಟು ಗಟ್ಟಿಯಾಗಿಲ್ಲ, ಅದನ್ನು ಆಗಾಗ ಬಿಗಿಯಬೇಕೆಂದು ಕೈಪಿಡಿಯಲ್ಲಿ ಎಲ್ಲೂ ಹೇಳಿಲ್ಲ, ಇದು 2(10)ನೆಯ ಕಲಮಿನ ಅರ್ಥದಲ್ಲಿ ದೋಷ ಎಂದಿತ್ತು. ಜೊತೆಗೆ ತಗಡು ಬಿಚ್ಚುವ ಮೊದಲೂ ಅನಂತರವೂ ತೆಗೆದ ಛಾಯಾಚಿತ್ರ, ದಿನಾಂಕ ಸಹಿತ ಅಂಕಿಗಳ ಪಟ್ಟಿ, ಬಿಲ್ಲಿನ ಪ್ರತಿ. ಈ ಕ್ರಮ ಮುಖ್ಯ: ಮೊದಲು ಚಿತ್ರ, ಆಮೇಲೆ ಸ್ಕ್ರೂಡ್ರೈವರ್. ವಾರಂಟಿಯ ಅವಧಿಯಲ್ಲಿ ಮುದ್ರೆ ಹಾಕಿದ ಭಾಗವಿದ್ದರೆ ಅದನ್ನು ಒಡೆಯದೆ ತಯಾರಕರಿಗೆ ಲಿಖಿತವಾಗಿ ತಿಳಿಸಿ ಕಾಯುವುದೇ ಮೇಲು. ಅಕ್ಕನ ಪೆಟ್ಟಿಗೆಯಲ್ಲಿ ಶುಚಿಗೊಳಿಸಲು ಬಿಚ್ಚಬಹುದಾದ ತಗಡು ಅದಾಗಿದ್ದುದರಿಂದ ತೊಂದರೆ ಬರಲಿಲ್ಲ.

ಎರಡು ವಾರದಲ್ಲಿ ತಯಾರಕರಿಂದ ಎರಡು ಸ್ಕ್ರೂಗಳ ಹೊಸ ಪಟ್ಟಿ ಬಂದಿತು, ಹಣ ಕೇಳಲಿಲ್ಲ. ಹಾಳಾದ 11 ಕಿಲೋ ಚಹಾದ ಬಗ್ಗೆ ಮಾತ್ರ ಪತ್ರದಲ್ಲಿ ಒಂದಕ್ಷರವಿಲ್ಲ. ಅದಕ್ಕಾಗಿ ಎರಡನೆಯ ಪತ್ರ ಹೋಗಿದೆ. ಉತ್ತರ ಬಾರದಿದ್ದರೆ ಉದಕಮಂಡಲದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹೂಡಬಹುದು. ತಯಾರಕರ ಊರಿಗೆ ಅಲೆಯಬೇಕಿಲ್ಲ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಸಾಕೆಂದು 34ನೆಯ ಕಲಮು ಹೇಳುತ್ತದೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ದೋಷ ನಿರ್ಣಯಿಸಲಾಗದಿದ್ದರೆ ಆಯೋಗವೇ ವಸ್ತುವನ್ನು ಪರೀಕ್ಷೆಗೆ ಕಳುಹಿಸಲು 38ನೆಯ ಕಲಮಿನಲ್ಲಿ ದಾರಿಯಿದೆ. ಉಷ್ಣಮಾಪಕಗಳನ್ನು ಅಳೆದು ಪ್ರಮಾಣಪತ್ರ ಕೊಡುವ ಮಾನ್ಯತೆ ಪಡೆದ ಪ್ರಯೋಗಾಲಯಗಳು ಕೊಯಮತ್ತೂರಿನಲ್ಲಿವೆ. ವಕೀಲರಿಲ್ಲದೆಯೂ ದೂರು ಹೂಡಬಹುದು. ಅದಕ್ಕೂ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ ನೋಡಿದರೆ ಎಷ್ಟೋ ಜಗಳಗಳು ಅಲ್ಲೇ ಮುಗಿಯುತ್ತವೆ. ಅವಧಿ ಎರಡು ವರ್ಷ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎಣಿಕೆ. ಅಕ್ಕನ ಮಟ್ಟಿಗೆ ಅದು ಚಹಾ ಹಿಂದಿರುಗಿದ ದಿನವೇ ಎಂದು ನಾನು ಲೆಕ್ಕ ಹಾಕಿದ್ದೇನೆ. ಆ ಪಾರ್ಸೆಲಿನ ರಶೀದಿಯನ್ನು ಅವರು ಪಡಿತರ ಚೀಟಿಯೊಡನೆ ಜೋಪಾನವಾಗಿ ಇಟ್ಟಿದ್ದಾರೆ.